ಎಡಜೇಬಿನ ಕಾಗದದ ಚೂರು

“ನಿಮ್ಮ ಜೇಬಲ್ಲಿ ಏನದು? ಎರಡೂ ಅಷ್ಟೊಂದು ಉಬ್ಬಿವೆ!”

ನಿಸರ್ಗಾ ಗೌತಮನೊಂದಿಗೆ ಆಡಿದ ಮೊದಲ ಮಾತು ಇದೇ. ಮನೆಯವರು ಅವಳಿಗೆಂದು ನೋಡಿದ್ದ ಹುಡುಗ ಅವನು. ಇಬ್ಬರೂ ಮಂಡ್ಯದಿಂದ ಪರದೇಶಕ್ಕೆ ಬಂದವರು, ಅವನಿರುವುದು ಯೂನಿಯನ್ ಸಿಟಿಯಲ್ಲಿ, ಅವಳು ಕ್ಯುಪರ್ಟಿನೋದಲ್ಲಿ. ಮುಖ ನೋಡಿದ್ದು ಮಾತ್ರ ಇವತ್ತೇ, ಈ ಥಿಯೇಟರಿನ ಕ್ಯೂನಲ್ಲಿ.

“ಕಾಗದದ ಚೂರು ಕಣ್ರೀ! ಒಂದ್ ವಾರದಿಂದ ಹರ್ದಿವ್ನಿ. ಫಸ್ಟ್ ಡೇ ಅಲ್ವಾ?”

ಅದು 1999ರ ಬೇಸಿಗೆ. ಹೆಸರಾಂತ ಬಾಹ್ಯಾಕಾಶದ ಸಿನಿಮಾವೊಂದರ ಮುಂದಿನ ಭಾಗಕ್ಕೆ ಜನ ವರ್ಷಗಟ್ಟಲೆ ಕಾದಿದ್ದರು. ನಿಸರ್ಗಾಳ ಡಾಟ್‌ಕಾಂ ಕಂಪನಿ ಮಧ್ಯಾಹ್ನದ ಇಡೀ ಶೋ ಬುಕ್ ಮಾಡಿ, ಪ್ರತಿಯೊಬ್ಬರೂ ಒಬ್ಬ ಗೆಸ್ಟನ್ನು ಕರೆತರಬಹುದು ಎಂದಿತ್ತು. ಅವಳು ಗೌತಮನನ್ನು ಇಮೇಲಿನಲ್ಲೇ ಕರೆದಿದ್ದಳು.

‘ತಮಾಷೆ ಮಾಡ್ತಿದ್ದಾನೆ’ ಅಂದುಕೊಂಡಳು.

ತಮಾಷೆಯಲ್ಲ! ಪರದೆಯ ಮೇಲೆ ಸಿನಿಮಾದ ಹೆಸರು ಮೂಡಿದಾಗ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಆದರೆ ಕಥೆ ಶುರುವಾದ ಮೇಲೆ ಯಾರದ್ದೂ ಸದ್ದಿಲ್ಲ, ಹಿಂದಿನ ಭಾಗದ ಹೀರೋ, ಆ ಹಳೆಯ ಕ್ಯಾಪ್ಟನ್ ಮರಳಿ ಬಂದಾಗಲೂ. ಆ ಮೌನದಲ್ಲಿ ಗೌತಮ್ ಎದ್ದು ನಿಂತು ಶಿಳ್ಳೆ ಹೊಡೆದ! ಬಲಜೇಬಿನ ಚೂರುಗಳೆಲ್ಲ ಮುಂದಿನವರ ತಲೆಯ ಮೇಲೆ, ಪಾಪ್‌ಕಾರ್ನಿನ ಮೇಲೆ...

ಟಾರ್ಚ್ ಹಿಡಿದು ಸೆಕ್ಯೂರಿಟಿಯವನು ಬಂದ. ಮುಂದಿನ ಸಾಲಿನಿಂದ ಅವಳ ಆಫೀಸಿನ ಮ್ಯಾನೇಜರ್ ತಿರುಗಿ ಇಂಗ್ಲಿಷಿನಲ್ಲಿ ಕೇಳಿದಳು, “ನಿಸರ್ಗಾ, ಇವರು ನಿಮ್ಮ ಗೆಸ್ಟಾ?”

“ಅಲ್ಲ... ಯಾರೋ ಗೊತ್ತಿಲ್ಲ.”

ಗೌತಮ್ ಅವಳನ್ನೊಮ್ಮೆ ನೋಡಿದ. “ಸಾರಿ” ಎಂದಷ್ಟೇ ಹೇಳಿ ಸೆಕ್ಯೂರಿಟಿಯವನ ಹಿಂದೆ ನಡೆದುಬಿಟ್ಟ.

‘ಥೂ, ಎಂಥವಳು ನಾನು!’

ಮಂಡ್ಯದ ಟಾಕೀಸಿನಲ್ಲಿ ಅಪ್ಪನ ಹೆಗಲೇರಿ ಇಂಥವೇ ಚೂರು ಎಸೆದವಳು ಅವಳು. ಐದು ವರ್ಷದಿಂದ ತನ್ನೊಳಗಿನ ಆ ಹುಡುಗಿಯನ್ನು ಆಫೀಸಿನವರಿಂದ ಬಚ್ಚಿಟ್ಟಿದ್ದಳು. ಇವತ್ತು ನಂಬಿ ಬಂದವನನ್ನೂ... ಪಕ್ಕದ ಖಾಲಿ ಸೀಟಿನ ಕಡೆ ತಿರುಗಲು ಅವಳಿಗೆ ಮುಖವಿರಲಿಲ್ಲ.

ಸಿನಿಮಾ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಅರ್ಧಕ್ಕೇ ಆಕಳಿಕೆ, ಕೊನೆಗೆ ನಾಲ್ಕು ಬಡ ಚಪ್ಪಾಳೆ. ಮೊದಲು ಎದ್ದು ನಿಂತು ತಟ್ಟಿದ್ದವರೇ ಈಗ ಒಬ್ಬರ ಮುಖ ಒಬ್ಬರು ನೋಡದೆ ಹೊರಬಂದರು. ಚೆನ್ನಾಗಿಲ್ಲ ಎಂದು ಮೊದಲು ಬಾಯಿಬಿಡಲು ಯಾರಿಗೂ ಧೈರ್ಯವಿಲ್ಲ.

ಗೌತಮ್ ಎದುರಿನ ಬಸ್ ಸ್ಟಾಪಿನಲ್ಲಿ ಕೂತಿದ್ದ. ಬಸ್ಸೊಂದು ಬಂದು ಹೋಯಿತು. ಅವನು ಏಳಲಿಲ್ಲ.

‘ಸುಮ್ಮನೆ ಕಾರು ಹತ್ತಿ ಹೋಗಿಬಿಡಲೇ?’ ಒಂದು ಕ್ಷಣ ಅನ್ನಿಸಿತು. ಮರುಕ್ಷಣ ಮ್ಯಾನೇಜರನ್ನೂ ಟೀಮಿನವರನ್ನೂ ಕರೆದುಕೊಂಡೇ ಅವನ ಮುಂದೆ ಹೋಗಿ ನಿಂತಳು.

“ಇವರು ಗೌತಮ್. ನನ್ನ ಗೆಸ್ಟೇ. ಆಗ ನಾನು ಸುಳ್ಳು ಹೇಳಿದೆ.” ಕಿವಿ ಸುಡುತ್ತಿತ್ತು, ಇಂಗ್ಲಿಷು ತಡವರಿಸುತ್ತಿತ್ತು.

ಮ್ಯಾನೇಜರ್ ಕೂದಲಿನಿಂದ ಚೂರೊಂದನ್ನು ತೆಗೆದು ನಕ್ಕಳು. “ಇಡೀ ಶೋನಲ್ಲಿ ಮನಸಾರೆ ಖುಷಿಪಟ್ಟವರು ಇವರೊಬ್ಬರೇ!”

ಅವರೆಲ್ಲ ಕಾರುಗಳತ್ತ ಸರಿದರು. ನಿಸರ್ಗಾಳ ಬಾಯಲ್ಲಿ ಮಂಡ್ಯದ ಮಾತು ತಾನಾಗಿ ಬಂತು.

“ಕ್ಷಮಿಸ್ಬುಡಿ... ನನ್ ಕಂಡ್ರೆ ನಂಗೇ ನಾಚ್ಕೆ ಆಯ್ತದೆ.”

“ಬೇಜಾರಾಯ್ತು ಕಣ್ರೀ, ಸುಳ್ಳು ಹೇಳಕಿಲ್ಲ. ಆದ್ರೂ ಬಸ್ ಹತ್ತಕ್ಕೆ ಮನಸಾಗ್ಲಿಲ್ಲ. ಸಿನಿಮಾ ಹೆಂಗಿತ್ತು?”

“ನೀವ್ ಹೋದ್ಮೇಲೆ ನಂಗೇನೂ ಕಾಣ್ಲಿಲ್ಲ.” ಅವಳ ಕಣ್ಣು ಅವನ ಎಡಜೇಬಿನ ಮೇಲೆ ಬಿತ್ತು. “ಇನ್ನೂ ಐತಾ?”

“ಕ್ಲೈಮ್ಯಾಕ್ಸ್‌ಗೆ ಅಂತ ಇಟ್ಕಂಡಿದ್ದೆ.”

ಅವಳು ಹಿಡಿ ತುಂಬ ತೆಗೆದು, ಟೀಮಿನವರೆಲ್ಲ ನೋಡುತ್ತಿರುವಂತೆಯೇ ಅವನ ತಲೆಯ ಮೇಲೆ ಎಸೆದಳು!

“ಅಯ್ಯೋ, ಸೆಕ್ಯೂರಿಟಿ ಬತ್ತಾನೆ ಕಣ್ರೀ!”

“ಬರ್ಲಿ ಬುಡಿ. ಯಾರಿವ್ರು ಅಂತ ಕೇಳ್ಲಿ. ಈ ಸಲ ಸರ್ಯಾಗಿ ಹೇಳ್ತೀನಿ.”

“ಏನಂತ?”

“ನಮ್ಮೋರು ಅಂತ.”