ಠಾಣೆಯ ಚಹಾ

ರಾಧಿಕಾ ಗೋಡೆಗೆ ತೂಗುಹಾಕಿದ್ದ ರೇನ್‌ಕೋಟನ್ನು ಬದಿಗೆ ಸರಿಸಿದಳು. ಅದರ ಹಿಂದಿನ ನೀಲಿ ಬೋರ್ಡು ಪೂರ್ತಿ ಕಂಡಿತು.

“ಏ ಹುಡುಗಿ, ಅಲ್ಲೇನ್ ಮಾಡಾಕತ್ತೀ?” ಮೇಜಿನ ಹಿಂದಿನಿಂದ ದಫೇದಾರ ಕೇಳಿದ.

“ಓದಾಕತ್ತೇನ್ರಿ.”

“ಸಾಲಿ ತಪ್ಪಿಸಿ ಠಾಣ್ಯಾಗ ಓದಾಕ ಬಂದಾಳ ನೋಡು.”

ಅಪ್ಪ ಮರಿಲಿಂಗ ನೆಲದ ಮೇಲೆ ಕುಳಿತಿದ್ದ. ಅವನ ಕೆಳತುಟಿ ಊದಿತ್ತು. ನಿನ್ನೆ ಸಂಜೆ ಹೊಲದಿಂದ ಬರುವಾಗ ಪೊಲೀಸರು ಅವನನ್ನು ಜೀಪಿಗೆ ಹತ್ತಿಸಿಕೊಂಡು ಬಂದಿದ್ದರು. ಯಾಕೆಂದು ಹೇಳಿರಲಿಲ್ಲ. ಕಾಲುವೆ ದಂಡೆಯ ನೀರಿನ ಮೋಟಾರು ಕಳುವಾಗಿದೆ, ಅನುಮಾನ ಅವನ ಮೇಲಿದೆ ಎಂದು ಮನೆಯವರಿಗೆ ತಿಳಿದದ್ದು ಊರವರ ಬಾಯಿಂದ.

ಅಜ್ಜಿ ಯಂಕಮ್ಮ ಊರ ಹಿರಿಯ ಬಸವಂತ್ರಾಯನನ್ನು ಕರೆತಂದಿದ್ದಳು. ಊರ ಕಟ್ಟೆಯ ಮೇಲೆ ಜಗಳ ಬಗೆಹರಿಸುವವನು ಅವನೇ. ಅಲ್ಲಿ “ತಪ್ಪಾತು” ಎಂದರೆ ಸಾಕು, ಎಲ್ಲರೂ ಕೂಡಿ ಚಹಾ ಕುಡಿಯುತ್ತಾರೆ. ಆಮೇಲೆ ಆ ಮಾತನ್ನು ಯಾರೂ ಎತ್ತುವುದಿಲ್ಲ. ಹೋದ ವರ್ಷ ಅವನ ಎಮ್ಮೆ ಯಾರದೋ ಬೆಳೆ ಮೇಯ್ದಿತೆಂಬ ದೂರಿಗೆ ಅಪ್ಪನೂ ಹಾಗೇ ತಪ್ಪೊಪ್ಪಿ ಚಹಾ ಕುಡಿದು ಬಂದಿದ್ದ.

ಬಸವಂತ್ರಾಯ ಹೊರಗಿನಿಂದ ಒಂದು ಕಪ್ ಚಹಾ ತಂದ. “ಮರಿಲಿಂಗ, ಸಾಹೇಬ್ರ ಜೋಡಿ ಮಾತಾಡೀನಿ. ಮೋಟಾರು ನಾನೇ ಒಯ್ದೀನಿ ಅಂತ ಒಂದ್ ಮಾತು ಅಂದು ಇದನ್ನ ಕುಡಿ. ಸಂಜಿಗೆ ಮನಿಗೆ ಹೋಗೂಣು.”

“ಅಂದುಬಿಡೋ ಮಗನ,” ಎಂದಳು ಅಜ್ಜಿ. “ಕಟ್ಟಿ ಮ್ಯಾಲ ಅಂದಂಗ.”

ಅಪ್ಪ ಕಪ್ಪಿನತ್ತ ಕೈ ಚಾಚಿದ.

ರಾಧಿಕಾ ಬೋರ್ಡಿಗೆ ಮುಖಮಾಡಿ, ಪಾಠ ಓದುವ ಹಾಗೆ ಜೋರಾಗಿ ಓದತೊಡಗಿದಳು. “ಬಂಧನದ ಕಾರಣವನ್ನು ತಿಳಿಸತಕ್ಕದ್ದು. ಬಂಧಿತರು ವಕೀಲರನ್ನು ಕಾಣಬಹುದು. ಬಡವರಿಗೆ ಉಚಿತ ವಕೀಲರು ದೊರೆಯುತ್ತಾರೆ. ಇಪ್ಪತ್ತನಾಲ್ಕು ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸತಕ್ಕದ್ದು.” ಕೊನೆಯ ಸಾಲಿನ ಮೇಲೆ ಜೇಡರ ಬಲೆಯಿತ್ತು. ಬೆರಳಿನಿಂದ ಒರೆಸಿದಳು. “ತನ್ನ ವಿರುದ್ಧ ತಾನೇ ಹೇಳಿಕೆ ಕೊಡುವಂತೆ ಯಾರನ್ನೂ ಒತ್ತಾಯಿಸುವಂತಿಲ್ಲ.”

“ಹಂಗಂದ್ರ ಏನವ್ವಾ?” ಅಪ್ಪ ಕೇಳಿದ.

“ನಿನ್ನ ಬಾಯಿಲೆ ಹೂಂ ಅನಸಾಕ ಜುಲುಮಿ ಮಾಡಂಗಿಲ್ಲಪ್ಪ. ಇದು ಕಟ್ಟಿ ಅಲ್ಲ. ಇಲ್ಲಿ ಹೂಂ ಅಂದ್ರ ಮುಗಿಯಂಗಿಲ್ಲ, ಅಲ್ಲಿಂದನ ಕೇಸು ಚಾಲೂ ಆಗ್ತದ.”

ದಫೇದಾರ ನಕ್ಕ. “ಬರ್ರಿ ವಕೀಲಮ್ಮಾರ. ನಿಮ್ಮಪ್ಪ ಮನಿಗೆ ಯಾವಾಗ ಬರ್ತಾನಂತ ಅದರಾಗ ಬರದದೇನು?”

ರಾಧಿಕಾ ಬೋರ್ಡನ್ನು ಮೇಲಿನಿಂದ ಕೆಳಗಿನವರೆಗೆ ಇನ್ನೊಮ್ಮೆ ನೋಡಿದಳು. ಅಂಥ ಸಾಲು ಇರಲಿಲ್ಲ.

“ಇಲ್ರಿ,” ಎಂದಳು. ಆದರೂ ರೇನ್‌ಕೋಟು ಬೋರ್ಡನ್ನು ಮತ್ತೆ ಮುಚ್ಚದಂತೆ ಹಿಡಿದುಕೊಂಡೇ ನಿಂತಳು.

“ಹುಡುಗಿ ಮಾತೇನ್ ಕೇಳ್ತಿ,” ಬಸವಂತ್ರಾಯ ಕಪ್ಪನ್ನು ಇನ್ನಷ್ಟು ಮುಂದೆ ಹಿಡಿದ. “ಆರಾಕತ್ತದ, ಕುಡಿ.”

ಅಪ್ಪ ಮಗಳನ್ನು ನೋಡಿದ. ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ.

“ಅವತ್ತಿನ ಎಮ್ಮಿನೂ ನಮ್ದಾಗಿರಲಿಲ್ರಿ,” ಎಂದ. “ಈ ಚಹಾ ನಾ ಒಲ್ಲೆ.”