ಸೊಂಟಕ್ಕೆ ಕಟ್ಟಿದ ಬೀಜ

ಮೇಲಿನ ಮನೆಯ ಟೈಲರಮ್ಮನಿಗೆ ಮೂಗಿನ ತುದಿಯಲ್ಲೇ ಕೋಪ ಎಂದು ಬೀದಿಗೆಲ್ಲ ಗೊತ್ತು. ಆದರೆ ಅವತ್ತಿನ ಕೋಪಕ್ಕೆ ಕಾರಣವಿತ್ತು. ಕೆಳಮನೆಯ ಎಲೆಕ್ಟ್ರಿಷಿಯನ್ ಮೀಟರ್ ಬೋರ್ಡಿನಲ್ಲಿ ಯಾವುದೋ ವೈರನ್ನು ಇನ್ಯಾವುದಕ್ಕೋ ಸೇರಿಸಿ ಅವಳ ಹೀಟಿಂಗ್ ಪ್ಯಾಡನ್ನು ಸುಟ್ಟುಹಾಕಿದ್ದ. ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಮೊಳಕೆಗೆ ಇಟ್ಟಿದ್ದ ದೈತ್ಯ ಕುಂಬಳದ ಬೀಜಗಳು ಬೆಂದೇ ಹೋದವು. ಅಂಚಿನಲ್ಲಿದ್ದ ಒಂದು ಮಾತ್ರ ಉಳಿಯಿತು. ಇಬ್ಬರು ಹಿಡಿದರೂ ಎತ್ತಲಾಗದಂಥ ಕಾಯಿ ಬೆಳೆಸುತ್ತಿದ್ದ ಅವಳ ಅಪ್ಪ ಬಿಟ್ಟುಹೋದ ತಳಿ ಅದು. ಇದೂ ಹೋದರೆ ಮುಗಿಯಿತು.

ಹೊಸ ಪ್ಯಾಡ್ ತಂದುಕೊಡುತ್ತೇನೆ, ಆದರೆ ಅಂಗಡಿಯಲ್ಲಿ ಸದ್ಯಕ್ಕೆ ಸ್ಟಾಕ್ ಇಲ್ಲವಂತೆ ಎಂದು ಎಲೆಕ್ಟ್ರಿಷಿಯನ್ ತಲೆ ಕೆರೆದುಕೊಂಡ.

“ಬೀಜಕ್ಕೆ ಮೈಬಿಸಿ ಇದ್ರೆ ಸಾಕು. ಸುಟ್ಟೋರು ನೀವು, ಬೆಚ್ಚಗಿಡೋರೂ ನೀವೇ.”

ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಕವರಿಗೆ ಹಾಕಿ, ತಾನೇ ಹೊಲಿದ ಪಟ್ಟಿಯಲ್ಲಿಟ್ಟು ಅವನ ಸೊಂಟಕ್ಕೆ ಬಿಗಿದಳು. ಅವನು ಉಸಿರು ಬಿಗಿಹಿಡಿದದ್ದು ಅವಳಿಗೆ ಗೊತ್ತಾಯಿತು. ಗೊತ್ತಾಗದವಳಂತೆ ಇನ್ನೊಂದು ಸುತ್ತು ಹಾಕಿದಳು.

ಅಂದಿನಿಂದ ಬೆಳಿಗ್ಗೆ ಸಂಜೆ ಅವನ ಮನೆಯಲ್ಲಿ ತಪಾಸಣೆ. ಬಗ್ಗಿದ್ದಕ್ಕೆ ಬೈಗುಳ, ಏಣಿ ಹತ್ತಿದ್ದಕ್ಕೆ ಬೈಗುಳ. ಜೊತೆ ಕೆಲಸದವರು ಎಷ್ಟನೇ ತಿಂಗಳು ಎಂದು ಕೇಳಿ ನಗುತ್ತಾರೆ ಎಂದು ಅವನು ಗೋಳಾಡಿದರೆ, ನಗಲಿ ಬಿಡಿ ಎನ್ನುತ್ತಿದ್ದಳು. ಬೈದು ಸುಸ್ತಾದ ಮೇಲೆ ಅವನು ಮಾಡಿದ ಕಾಫಿ ಕುಡಿಯುವುದೂ ರೂಢಿಯಾಯಿತು. ಪದೇ ಪದೇ ಬಿಚ್ಚಿದರೆ ಬಿಸಿ ಹೋಗುತ್ತದೆ, ದಿನಕ್ಕೊಮ್ಮೆ ನಾನೇ ನೋಡಿ ಹೇಳುತ್ತೇನೆ ಎಂದ. ಅವಳು ನಂಬಿದಳು. ಮೊಳಕೆ ಇನ್ನೂ ಇಲ್ಲ ಎನ್ನುವಾಗ ಮಾತ್ರ ಅವನ ಕಣ್ಣು ಅವಳ ಮುಖ ಬಿಟ್ಟು ಲೋಟದೊಳಗೆ ಇಳಿಯುತ್ತಿತ್ತು.

ಒಂದು ಸಂಜೆ ಅನುಮಾನ ಬಂದು ಕವರ್ ಕಿತ್ತುಕೊಂಡಳು. ಕಿರುಬೆರಳುದ್ದದ ಬೇರು ಬಟ್ಟೆಯೊಳಗೆ ಸುತ್ತಿಕೊಂಡಿತ್ತು. ಅವಳ ಮೈಯೆಲ್ಲ ಉರಿದುಹೋಯಿತು.

“ಯಾವಾಗ ಬಂತು ಇದು?”

“ಮೊನ್ನೆನೇ.”

“ಮತ್ತೆ ಇಲ್ಲ ಇಲ್ಲ ಅಂತಿದ್ರಿ?”

“ಬಂತು ಅಂದ್ರೆ ನೀವು ಬರೋದು ನಿಂತುಹೋಗುತ್ತೆ ಅಂತ.”

ಅವಳು ಬೀಜ ಹಿಡಿದು ಮೇಲಕ್ಕೆ ಓಡಿದಳು. ಅವನು ಹಿಂದೆಯೇ ಬಂದ. ಕುಂಡದ ಮಣ್ಣಿನಲ್ಲಿ ಗುಳಿ ಮಾಡಿ ಬೇರನ್ನು ಕೆಳಮುಖವಾಗಿ ಇಳಿಸಿದಳು. ಸದ್ಯ, ಮುರಿದಿರಲಿಲ್ಲ. ಮುರಿದಿದ್ದರೆ ಈ ಜನ್ಮದಲ್ಲಿ ಕ್ಷಮಿಸುತ್ತಿರಲಿಲ್ಲ ಎಂದು ಹಿಗ್ಗಾಮುಗ್ಗಾ ಬೈದಳು. ಅವನು ಎಲ್ಲ ಕೇಳಿಸಿಕೊಂಡು, ತಪ್ಪಾಯಿತು ಎಂದು ತೆಪ್ಪಗೆ ಬಾಗಿಲ ಕಡೆ ಹೊರಟ.

ಹಾಗೆ ಹೊರಟದ್ದೇ ಅವಳನ್ನು ಇನ್ನಷ್ಟು ಕೆರಳಿಸಿತು.

“ನಿಲ್ಲಿ. ಬರೀ ಬೀಜ ನೋಡೋಕೆ ಮೆಟ್ಟಿಲು ಇಳೀತಿದ್ದೆ ಅಂದ್ಕೊಂಡ್ರಾ? ಅದನ್ನ ನನ್ನ ಸೊಂಟಕ್ಕೇ ಕಟ್ಕೊಳ್ಳೋಕೆ ನನಗೆ ಬರ್ತಿರಲಿಲ್ವಾ?”

ಅವನು ತಿರುಗಿದ. ಮುಖದ ತುಂಬ ನಗು.

ನಗಬೇಡಿ, ಕೋಪ ಇನ್ನೂ ಇಳಿದಿಲ್ಲ ಎಂದು ಅವಳು ರಪ್ಪನೆ ಬಾಗಿಲು ಹಾಕಿದಳು, ಅವನನ್ನು ಒಳಗೇ ಇಟ್ಟುಕೊಂಡು.