ಒಂಬತ್ತನೆಯ ಪಾತಿ

ಶಾಲೆಯ ಹಿತ್ತಲಲ್ಲಿ ಹದಿನಾಲ್ಕು ಮಕ್ಕಳು ಅಲುಗಾಡದೆ ನೆಲದ ಮೇಲೆ ಬಿದ್ದುಕೊಂಡಿದ್ದರು!

ವೃಂದಾ ನಿಂತಲ್ಲೇ ನಿಂತಳು. ಲಕಮನಹಳ್ಳಿಯ ಆ ಶಾಲೆಗೆ ಶಿಕ್ಷಕಿಯಾಗಿ ಬಂದ ಮೊದಲ ದಿನ. ಜುಲೈ ತಿಂಗಳ ಮಂಜು ಇನ್ನೂ ಕರಗಿರಲಿಲ್ಲ. ಅವಳು ಕಿರುಚಲು ಬಾಯಿ ತೆರೆಯುವಷ್ಟರಲ್ಲಿ ಮಣ್ಣು ಮೆತ್ತಿದ ಕೈಯೊಂದು ಮುಂದೆ ಬಂತು.

"ಶ್... ಚೀರಬ್ಯಾಡ್ರಿ ಅಕ್ಕೋರ. ಮಣ್ಣಿಗೆ ಕಿವಿ ಕೊಟ್ಟಾರ. ಬೀಜ ಒಡಿಯೂ ಸಪ್ಪಳ ಕೇಳಾಕತ್ತಾರ."

ತಿರುಗಿ ನೋಡಿದಳು. ಎತ್ತರದ ಯುವಕ. ಅವನ ಕಣ್ಣಲ್ಲಿ ನಗು ಇತ್ತು. ಆದರೆ ಆ ನಗುವಿನ ಹಿಂದೆ ಏನೋ ಖಾಲಿ ಖಾಲಿ...

"ಬೀಜ ಒಡಿಯೂದು ಕೇಳಸ್ತದೇನ್ರಿ?"

"ನನಗಂತೂ ಒಮ್ಮೆನೂ ಕೇಳಿಲ್ಲ. ಅವರಿಗೆ ಕೇಳಸ್ತದಂತ."

ಅವನು ಮಾಲತೇಶ. ಗಬ್ಬೂರ ಬೈಪಾಸಿನ ಹತ್ತಿರ ಸಸಿಗಳ ನರ್ಸರಿ ನಡೆಸುತ್ತಿದ್ದ. ವಾರಕ್ಕೆರಡು ದಿನ ಮೂರನೇ ತರಗತಿಯ ಮಕ್ಕಳಿಗೆ ಕೈತೋಟದ ಪಾಠ ಹೇಳಲು ಬರುತ್ತಿದ್ದ. ಮಕ್ಕಳು ಬೆಳೆದ ಮೆಂತ್ಯೆ, ಮೂಲಂಗಿ, ಚವಳಿಕಾಯಿ ಅವರ ಮಧ್ಯಾಹ್ನದ ಊಟಕ್ಕೇ ಹೋಗುತ್ತಿತ್ತು.

ಮಂಗಳವಾರ, ಶುಕ್ರವಾರ ಬಂತೆಂದರೆ ವೃಂದಾ ತನಗರಿವಿಲ್ಲದೆ ಎರಡು ಸಲ ಕನ್ನಡಿ ನೋಡಿಕೊಳ್ಳತೊಡಗಿದಳು. ಎರೆಹುಳು ಹಿಡಿಯಲು ಹೆದರಿದ ಅವಳ ಅಂಗೈಯನ್ನು ಅವನು ಮೆಲ್ಲನೆ ಬಿಡಿಸಿ, "ಏನೂ ಮಾಡಂಗಿಲ್ರಿ ಅದು, ಪಾಪ" ಎಂದ ದಿನ ರಾತ್ರಿಯೆಲ್ಲ ಆ ಸ್ಪರ್ಶ ಕೈಯಲ್ಲೇ ಉಳಿದಿತ್ತು.

'ಇದೇನಾಗಾಕತ್ತೇದ ನನಗ...?'

ಆಗಸ್ಟಿನಲ್ಲಿ ಅವಳೊಂದು ಪಾಠ ಯೋಚಿಸಿದಳು. ಮಕ್ಕಳು ಹಗ್ಗ ಹಿಡಿದು ತೋಟ ಅಳೆದರು. ನಂತರ ತರಗತಿಗೆ ಬಂದು, ಒಬ್ಬರದ್ದೊಬ್ಬರು ನೋಡದ ಹಾಗೆ ಕೂತು ಅದರ ನಕ್ಷೆ ಬರೆದರು.

ವೃಂದಾ ಹಾಳೆಗಳನ್ನು ತಿರುವಿದಳು. ಒಂದು... ಎರಡು... ಐದು...

ಮತ್ತೆ ಮೊದಲಿನಿಂದ ಎಣಿಸಿದಳು.

ತೋಟದಲ್ಲಿದ್ದದ್ದು ಎಂಟು ಪಾತಿ. ಹದಿನಾಲ್ಕೂ ಹಾಳೆಗಳಲ್ಲಿ ಒಂಬತ್ತು! ಒಂಬತ್ತನೆಯದು ಎಲ್ಲರ ನಕ್ಷೆಯಲ್ಲೂ ಒಂದೇ ಜಾಗದಲ್ಲಿ, ನುಗ್ಗೆ ಮರದ ಬುಡದಲ್ಲಿ. ಅಲ್ಲಿ ಬರೀ ಬೋಳು ನೆಲವಿತ್ತು. ಒಂದು ಕಳೆ ಕೂಡ ಹುಟ್ಟುತ್ತಿರಲಿಲ್ಲ.

"ದ್ರಾಕ್ಷಾಯಿಣಿ, ಅಲ್ಲಿ ಪಾತಿ ಎಲ್ಲೆದ?"

ಪುಟ್ಟ ಹುಡುಗಿ ನಿರ್ಮಲವಾಗಿ ನಕ್ಕಳು. "ಆಯಿ ಕುಂದರ್ತಾಳಲ್ರಿ, ಅಲ್ಲೆ."

"ಯಾವ ಆಯಿ?"

"ಹಸರ ಸೀರಿ ಆಯಿ. ಬೆರಳ ಎಷ್ಟ ಆಳ ಊರಬೇಕಂತ ಆಕೀನ ತೋರಿಸ್ಯಾಳ್ರಿ." ಎಳೆಯ ತೋರುಬೆರಳನ್ನು ಎರಡನೇ ಗೆಣ್ಣಿನ ತನಕ ಅಳೆದು ತೋರಿಸಿದಳು.

ಉಳಿದ ಹದಿಮೂರು ತಲೆಗಳೂ ಒಟ್ಟಿಗೆ ಹೌದೆಂದು ಆಡಿದವು.

ವೃಂದಾಳಿಗೆ ಸಿಟ್ಟು ನೆತ್ತಿಗೇರಿತು. ಬೇರೆ ಯಾರು ಹೇಳಿಕೊಟ್ಟಾರು? ಹಾಳೆಗಳನ್ನು ಹಿಡಿದು ನೇರ ಮಾಲತೇಶನ ಮುಂದೆ ನಿಂತಳು.

"ಮಕ್ಕಳಿಗೆ ದೆವ್ವದ ಕತಿ ಹೇಳಿಕೊಟ್ಟೀರೇನ್ರಿ?"

ಅವನು ಹಾಳೆ ನೋಡಿದ. ಮುಖದ ರಕ್ತವೆಲ್ಲ ಇಳಿದುಹೋಯಿತು. ಬೆರಳು ಒಂಬತ್ತನೆಯ ಪಾತಿಯ ಮೇಲೆ ನಿಂತಿತು.

"ಸುಮ್ಮನ ಯಾಕ ನಿಂತೀರಿ? ನೀವಲ್ಲಂದ್ರ ಅಲ್ಲ ಅನ್ರಿ!"

ಅವನು ಹಾಳೆಗಳನ್ನು ತಿರುಗಿ ಅವಳ ಕೈಗಿಟ್ಟ. ವೃಂದಾಳ ಕಣ್ಣು ತುಂಬಿತು. ತಪ್ಪು ಮಾಡಿದವನ ಮೌನವೆಂದೇ ತಿಳಿದಳು. ಮುಖ್ಯಾಧ್ಯಾಪಕ ಶಶಿಕುಮಾರರಿಗೆ ಹೇಳಿದಳು. ಮರುವಾರದಿಂದ ಮಾಲತೇಶ ಬರುವುದು ನಿಂತಿತು.

ಮಕ್ಕಳು ಅಳಲಿಲ್ಲ, ಜಗಳವಾಡಲಿಲ್ಲ. ನೀರು ಹಾಕುವಾಗ ಮಾತು ಬಿಟ್ಟರು. ಅಷ್ಟೇ. ಹದಿನಾಲ್ಕು ಮಕ್ಕಳ ಆ ನಿಶ್ಶಬ್ದ ವೃಂದಾಳನ್ನು ತಿನ್ನುತ್ತಿತ್ತು.

ಒಂದು ಶನಿವಾರ ಮಧ್ಯಾಹ್ನ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ಅವಳು ಒಬ್ಬಳೇ ತೋಟಕ್ಕೆ ಬಂದಳು. ಗಾಳಿಯಿರಲಿಲ್ಲ. ರಸ್ತೆಯ ಲಾರಿಗಳ ಸದ್ದು ಕೂಡ ಎಲ್ಲೋ ಅಡಗಿಹೋಗಿತ್ತು.

ನುಗ್ಗೆ ಮರದ ಬುಡದ ಮಣ್ಣು ಒದ್ದೆಯಾಗಿತ್ತು.

ಅವಳು ನೋಡುತ್ತಿದ್ದಂತೆ ಅದರಲ್ಲೊಂದು ಕುಳಿ ಬಿತ್ತು. ಒಂದು ಬೆರಳಿನಷ್ಟು ಅಗಲ, ಎರಡು ಗೆಣ್ಣಿನಷ್ಟು ಆಳ.

ಗೇಣು ದೂರದಲ್ಲಿ ಇನ್ನೊಂದು.

ಮತ್ತೊಂದು...

ಸಾವಕಾಶವಾಗಿ, ಅನುಭವಸ್ಥರ ಕೈಯ ಹಾಗೆ, ಸಾಲು ತಪ್ಪದೆ ಆ ಕುಳಿಗಳು ಅವಳ ಪಾದದ ಕಡೆಗೆ ಬರುತ್ತಿದ್ದವು!

ವೃಂದಾ ಅಡುಗೆ ಕೋಣೆಗೆ ಓಡಿದಳು. ಪಾತ್ರೆ ತೊಳೆಯುತ್ತಿದ್ದ ಅಡುಗೆಯ ಕರೀಮಾಬಿ ಅವಳನ್ನು ಹಿಡಿದು ಕೂರಿಸಿ ನೀರು ಕೊಟ್ಟಳು.

"ಕಂಡ್ಳೇನು ರುಕ್ಮವ್ವ?"

"ಯಾರು... ಯಾರಾಕಿ?"

"ನನಗಿಂತ ಮೊದಲ ಇಲ್ಲೆ ಅಡಗಿ ಮಾಡ್ತಿದ್ಲು. ಈ ತ್ವಾಟಾ ಶುರು ಮಾಡಿದಾಕೀನ ಆಕಿ. ಬೀಜ ಊರಾಕಂತ ಬಗ್ಗಿದಾಕಿ ಆ ನುಗ್ಗಿ ಗಿಡದ ಬುಡಕ್ಕ ಬಿದ್ದ ಜೀವಾ ಬಿಟ್ಲು. ಮೂರು ವರ್ಷ ಆತು. ಈ ಮಕ್ಕಳು ಆವಾಗ ಸಾಲಿಗೇ ಸೇರಿರಲಿಲ್ಲ." ಕರೀಮಾಬಿ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಮಾಲತೇಶ ಆಕಿ ಮಗಾ. ನಿಮಗ ಹೇಳಿಲ್ಲೇನು?"

ವೃಂದಾ ಲೋಟ ಕೆಳಗಿಟ್ಟು ಎದ್ದಳು. 'ದೇವರೇ... ನಾ ಎಂಥಾ ಮಾತು ಅಂದೆ ಅವರಿಗೆ!'

ಮರುದಿನ ಬೆಳಿಗ್ಗೆ ಗಬ್ಬೂರಿನ ನರ್ಸರಿಯಲ್ಲಿ ಮಾಲತೇಶ ಸಸಿಗಳ ನಡುವೆ ಕೂತಿದ್ದ. ಅವಳನ್ನು ಕಂಡು ಎದ್ದು ನಿಂತ.

"ತಪ್ಪಾತ್ರಿ ನಂದು... ಆ ದಿನಾ ಯಾಕ ಸುಮ್ಮನಿದ್ರಿ? ಒಂದು ಮಾತು ಹೇಳಬಾರದಾಗಿತ್ತೇನು?"

ಅವನು ಕೈಯಲ್ಲಿದ್ದ ಸಸಿಯನ್ನು ಕೆಳಗಿಟ್ಟ.

"ಏನಂತ ಹೇಳ್ಲಿ? ಅವ್ವ ಎಲ್ಲೆರೆ ಕಂಡಾಳೇನೋ ಅಂತ ಮೂರು ವರ್ಷ ಆ ತ್ವಾಟಕ್ಕ ಬಂದೇನಿ. ಗುರುತಿಲ್ಲದ ಮಕ್ಕಳಿಗೆ ಕಾಣ್ತಾಳ. ಹೆತ್ತ ಮಗಾ ನಾನು, ನನಗೊಬ್ಬಗ ಕಾಣಂಗಿಲ್ಲ..." ಅವನು ಮುಖ ತಿರುಗಿಸಿದ. "ಕಡೀ ದಿನಾ ಫೋನ್ ಮಾಡಿದ್ಲು. ಬೀಜ ಊರಬೇಕು, ಬಾ ಅಂದ್ಲು. ಕೆಲಸ ಅದ, ಆಮ್ಯಾಲೆ ಬರ್ತೇನಿ ಅಂದೆ."

ವೃಂದಾ ಅವನ ಕೈ ಹಿಡಿದಳು. ಸಂಕೋಚ ಎಲ್ಲಿ ಹೋಯಿತೋ!

"ಏಳ್ರಿ. ಈಗ ಹೋಗೂಣು. ಕುಳಿ ತಯಾರದಾವ. ಬೀಜ ಅಷ್ಟ ಬೇಕಾಗೇದ."

ಭಾನುವಾರದ ಶಾಲೆ ನಿರ್ಜನವಾಗಿತ್ತು. ಮಂಜು ತೋಟದೊಳಗೇ ನಿಂತುಬಿಟ್ಟಿತ್ತು. ನುಗ್ಗೆ ಮರದ ಬುಡದಲ್ಲಿ ಸಾಲಾಗಿ ಕುಳಿಗಳು ಕಾಯುತ್ತಿದ್ದವು.

ಮಾಲತೇಶ ಮೊಳಕಾಲೂರಿ ಒಂದೊಂದರಲ್ಲೂ ಹೀರೆ ಬೀಜ ಹಾಕಿದ. ವೃಂದಾ ಮಣ್ಣು ಮುಚ್ಚುತ್ತ ಬಂದಳು. ಕೊನೆಯ ಕುಳಿಯ ಮೇಲೆ ಇಬ್ಬರ ಕೈಗಳೂ ಒಟ್ಟಿಗೆ ಬಂದವು.

ಆಗ...

ಆ ಕೈಗಳ ಮೇಲೆ ಮತ್ತೊಂದು ಕೈಯ ಭಾರ ಬಿತ್ತು. ಕಣ್ಣಿಗೆ ಏನೂ ಕಾಣಲಿಲ್ಲ. ಒರಟು ಅಂಗೈ, ಮಣ್ಣಿನಂತೆ ತಣ್ಣಗೆ. ಇಬ್ಬರ ಬೆರಳುಗಳನ್ನೂ ಕೂಡಿಸಿ ಒಮ್ಮೆ ಗಟ್ಟಿಯಾಗಿ ಒತ್ತಿತು.

"ಅವ್ವಾ...!"

ಮಾಲತೇಶನ ಕಣ್ಣೀರು ಧಾರೆಯಾಗಿ ಹರಿಯಿತು. "ಬಂದೇನಿ ಅವ್ವಾ... ತಡಾ ಆತು. ಬಂದೇನಿ..."

ಭಾರ ಮೆಲ್ಲನೆ ಹಗುರಾಯಿತು. ನುಗ್ಗೆಯ ಎಲೆಗಳು ಅಲುಗಿದವು. ದೂರದ ಲಾರಿಯೊಂದರ ಹಾರ್ನ್ ಕೇಳಿಸಿತು.

ಇಬ್ಬರೂ ಕೈ ತೆಗೆಯಲಿಲ್ಲ.

"ವೃಂದಾ," ಮೊದಲ ಬಾರಿಗೆ ಅವನು ಹೆಸರು ಹಿಡಿದು ಕರೆದ, "ನಾ ಇಲ್ಲಿಗೆ ಅವ್ವನ ಸಲುವಾಗಿ ಬರ್ತಿದ್ದೆ. ಖರೇ ಹೇಳ್ಲೇನು? ಜುಲೈದಿಂದ ನಿನ್ನ ಸಲುವಾಗೂ ಬರ್ತಿದ್ದೆ."

ಅವಳು ತಲೆ ತಗ್ಗಿಸಿದಳು. ಮಣ್ಣಿನಲ್ಲಿ ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು.

"ಗೊತ್ತಿತ್ತು ನನಗ. ನಾನೂ ದಾರಿ ಕಾಯ್ತಿದ್ದೆ..."

"ಹೆದರಿಕಿ ಆಗಾಕತ್ತೇದೇನು?"

"ಆಗಾಕತ್ತೇದ... ಕೈ ಬಿಡಬ್ಯಾಡ."

"ಬಿಡಂಗಿಲ್ಲ."